ಎಂಡೋಸ್ಕೋಪಿ: ಮಂಪರಿನ ವಿಷಯ ಮೊದಲೇ ತಿಳಿಸಿ

ಮಾನ್ಯ ಸಂಪಾದಕರೇ,

ಕ್ಯಾಮೆರಾ ಇರುವ ಕೊಳವೆಯನ್ನು ಬಾಯಿಯಿಂದ ಇಳಿಸಿ ಜಠರದ ಒಳಭಾಗ ನೋಡುವ ಎಂಡೋಸ್ಕೋಪಿ ಪರೀಕ್ಷೆಯನ್ನು ವೈದ್ಯರು ಬರೆದುಕೊಟ್ಟರೆ ನಮ್ಮ ಕಡೆಯ ಜನ ಅದನ್ನು ‘ಗಂಟಲಿಗೆ ಪೈಪು ಬಿಡುವುದು’ ಎನ್ನುತ್ತಾರೆ. ಅರ್ಧ ಭಯ ಆ ಮಾತಿನಲ್ಲೇ ಇದೆ. ಈ ಪರೀಕ್ಷೆಯನ್ನು ಎಚ್ಚರವಿದ್ದೂ ಮಾಡಿಸಿಕೊಳ್ಳಬಹುದು, ಮಂಪರು ಬರುವ ಇಂಜೆಕ್ಷನ್ ಪಡೆದೂ ಮಾಡಿಸಿಕೊಳ್ಳಬಹುದು ಎಂಬುದನ್ನು ದಿನ ಗೊತ್ತುಮಾಡುವಾಗಲೇ ರೋಗಿಗೆ ತಿಳಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕ ಕಳೆದ ವರ್ಷ ಬೆಳಗಿನ ಮೊದಲ ಬಸ್ಸಿಗೆ ಒಬ್ಬಳೇ ದಾವಣಗೆರೆಗೆ ಬಂದು ಆಸ್ಪತ್ರೆಯೊಂದರಲ್ಲಿ ಈ ಪರೀಕ್ಷೆ ಮಾಡಿಸಿಕೊಂಡಳು. ರಾತ್ರಿಯಿಂದ ಏನೂ ತಿನ್ನಬಾರದೆಂಬುದರ ಹೊರತು ಆಕೆಗೆ ಬೇರೇನನ್ನೂ ಹೇಳಿರಲಿಲ್ಲ. ಗಂಟಲಿಗೆ ಸ್ಪ್ರೇ ಹೊಡೆದ ಮೇಲೆ ಎಂಜಲು ನುಂಗಲಾಗದೆ, ಉಸಿರೇ ನಿಂತಿತೆಂದು ಹೆದರಿ ಕೊಸರಾಡಿದಳು. ನಿದ್ದೆಯ ಇಂಜೆಕ್ಷನ್ ಕೊಡಿರೆಂದು ಬೇಡಿದಾಗ, ‘ಜೊತೆಗೆ ಯಾರು ಬಂದಿದ್ದಾರೆ?’ ಎಂದು ಕೇಳಿದರು. ಯಾರೂ ಬಂದಿರಲಿಲ್ಲ. ಹೇಗೋ ಪರೀಕ್ಷೆ ಮುಗಿದು ಜಠರದಲ್ಲಿ ಹುಣ್ಣಿರುವುದು ತಿಳಿಯಿತು. ಆದರೆ ಅದು ಮಾಗಿದೆಯೇ ಎಂದು ನೋಡಲು ಮತ್ತೊಮ್ಮೆ ಬರಬೇಕೆಂದಾಗ ಆಕೆ ಖಂಡಿತ ಒಪ್ಪಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಆ ನಿರಾಕರಣೆ.

ಗಂಟಲಿಗೆ ಹೊಡೆಯುವ ಲಿಗ್ನೊಕೇನ್ ಸ್ಪ್ರೇಯಿಂದ ಅದು ಜೋಮು ಹಿಡಿದಂತಾಗುತ್ತದೆಯೇ ಹೊರತು ಉಸಿರಾಟ ನಿಲ್ಲುವುದಿಲ್ಲ. ಕಿರುಬೆರಳಿನಷ್ಟು ದಪ್ಪದ ಆ ಕೊಳವೆ ಹೋಗುವುದು ಅನ್ನನಾಳದಲ್ಲಿ, ಉಸಿರಾಡುವ ದಾರಿಯೇ ಬೇರೆ. ಎಂಜಲನ್ನು ನುಂಗದೆ ಹೊರಗೆ ಹರಿಯಬಿಟ್ಟರೆ ಸಾಕು. ಸಾಮಾನ್ಯವಾಗಿ ಐದು–ಹತ್ತು ನಿಮಿಷದ ಕೆಲಸ. ಇಷ್ಟನ್ನು ಮೊದಲೇ ಕೇಳಿದ್ದರೆ ಅಕ್ಕನಿಗೆ ಸ್ಪ್ರೇಯೊಂದೇ ಸಾಕಾಗುತ್ತಿತ್ತೇನೋ.

ಒಬ್ಬಳೇ ಬಂದವಳಿಗೆ ಇಂಜೆಕ್ಷನ್ ಕೊಡದೆ ಇದ್ದುದನ್ನು ನಾನು ತಪ್ಪೆನ್ನಲಾರೆ. ಮಂಪರು ತರುವ ಮಿಡಜೋಲಮ್ ಇಂಜೆಕ್ಷನ್ ಪಡೆದವರಲ್ಲಿ ಹಲವರಿಗೆ ಪರೀಕ್ಷೆ ನಡೆದದ್ದೇ ನೆನಪಿರುವುದಿಲ್ಲ ಎಂಬುದು ನಿಜ. ಆದರೆ ಅದು ಉಸಿರಾಟವನ್ನು ನಿಧಾನಗೊಳಿಸಬಲ್ಲದು. ಆದ್ದರಿಂದಲೇ ಬೆರಳಿಗೆ ಆಕ್ಸಿಮೀಟರ್ ಹಾಕಿ ಆಮ್ಲಜನಕದ ಪ್ರಮಾಣವನ್ನು ಗಮನಿಸುತ್ತಾರೆ, ವಯಸ್ಸಾದವರಿಗೆ ಔಷಧದ ಪ್ರಮಾಣ ತಗ್ಗಿಸುತ್ತಾರೆ. ಇನ್ನೂ ಗಾಢ ನಿದ್ದೆ ತರಬಲ್ಲ ಪ್ರೊಪೊಫಾಲ್ ಕೊಡುವುದಾದರೆ ಅದಕ್ಕೆಂದೇ ತರಬೇತಿ ಪಡೆದವರು ಪಕ್ಕದಲ್ಲಿರಬೇಕು. ಎಚ್ಚರವಾದ ಮೇಲೂ ಮಂಪರು ಪೂರ್ತಿ ಇಳಿದಿರುವುದಿಲ್ಲವಾದ್ದರಿಂದ 24 ಗಂಟೆ ವಾಹನ ಓಡಿಸಬಾರದು, ಮನೆಗೆ ಕರೆದೊಯ್ಯಲು ಒಬ್ಬರು ಇರಲೇಬೇಕು. ಇದೆಲ್ಲ ಪರೀಕ್ಷೆಯ ಮಂಚದ ಮೇಲೆ ಮಲಗಿದಾಗ ತಿಳಿದರೆ, ಹೊರಊರಿನ ರೋಗಿಗೆ ಆಯ್ಕೆ ಇದ್ದೂ ಇಲ್ಲದಂತೆಯೇ.

ಎರಡು ವೈದ್ಯಕೀಯ ಕಾಲೇಜುಗಳಿರುವ ಈ ನಗರಕ್ಕೆ ಹರಪನಹಳ್ಳಿ, ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಕಡೆಯಿಂದಲೂ ರೋಗಿಗಳು ಬಸ್ಸಿನಲ್ಲಿ ಬರುತ್ತಾರೆ. ಸ್ಪ್ರೇ ಸಾಕೇ, ಇಂಜೆಕ್ಷನ್ ಬೇಕೇ, ಬೇಕಾದರೆ ಎಷ್ಟು ಖರ್ಚು, ಯಾರನ್ನು ಕರೆತರಬೇಕು, ದಿನವೂ ನುಂಗುವ ಬಿ.ಪಿ., ಸಕ್ಕರೆ ಕಾಯಿಲೆ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ವೈದ್ಯರನ್ನು ಏನು ಕೇಳಬೇಕು ಎಂಬುದನ್ನು ಸರಳ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ದಿನ ಬರೆದುಕೊಡುವ ಚೀಟಿಯ ಜೊತೆಯಲ್ಲೇ ಕೊಡಬೇಕೆಂದು ಇಲ್ಲಿನ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳನ್ನು ಕೋರುತ್ತೇನೆ. ಓದಲು ಬಾರದವರಿಗೆ ನರ್ಸ್ ಒಬ್ಬರು ಅದನ್ನು ಓದಿ ಹೇಳುವಂತಾಗಲಿ.

– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ