ಗೊಂಬೆಮನೆಯ ಮೆಟ್ಟಿಲನ್ನು ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯನಿಗೆ,

ತುಮಕೂರಿನಲ್ಲಿ ನಾವೆಲ್ಲರೂ ಕ್ಷೇಮ. ಕೋಲಾರದಲ್ಲಿ ನಿಮ್ಮೆಲ್ಲರ ಕ್ಷೇಮವನ್ನು ಬಯಸುತ್ತೇನೆ. ನಿಮ್ಮ ಅಕ್ಕ ಬಹಳ ಹಿಂದೆ ಇಂಗ್ಲೆಂಡಿನಿಂದ ತಂದು, ಅರ್ಧ ಜೋಡಿಸಿ ಅಟ್ಟಕ್ಕೇರಿಸಿದ್ದ ಗೊಂಬೆಮನೆಯ ಕಿಟ್ಟನ್ನು, ಎಂದರೆ ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಸಾಮಾನಿನ ಪೆಟ್ಟಿಗೆಯನ್ನು, ನನಗೆ ಒಪ್ಪಿಸುವಾಗ, ಬಣ್ಣ ಬಳಿದು ದಸರಾ ಗೊಂಬೆಗಳ ಪಕ್ಕದಲ್ಲಿ ಕೂರಿಸಿದರೆ ಸಾಕೆಂದು ನೀನು ಹೇಳಿದ್ದೆ. ಬಣ್ಣದ ಡಬ್ಬಿ ತೆರೆಯುವ ಮೊದಲೇ ಮೆಟ್ಟಿಲನ್ನು ಏಕೆ ಕಿತ್ತೆನೆಂದು ಈಗ ಕೇಳಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಈ ಮನೆ 1:12ರ ಅಳತೆಯದು. ನಿಜವಾದ ಮನೆಯ ಒಂದು ಅಡಿ ಇಲ್ಲಿ ಒಂದು ಇಂಚಾಗುತ್ತದೆ. ನಮ್ಮ ರಾಷ್ಟ್ರಪತಿ ಭವನದ ವಾಸ್ತುಶಿಲ್ಪಿ ಎಡ್ವಿನ್ ಲಟ್ಯನ್ಸ್ ರೂಪಿಸಿದ, 1924ರಲ್ಲಿ ಪೂರ್ಣಗೊಂಡು ಈಗಲೂ ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿರುವ, ಬ್ರಿಟನ್ನಿನ ರಾಣಿ ಮೇರಿಯ ಗೊಂಬೆಮನೆಯೂ ಇದೇ ಅಳತೆಯದು. ಅಲ್ಲಿ ವಿದ್ಯುದ್ದೀಪ, ಲಿಫ್ಟು, ನೀರು ಬರುವ ನಲ್ಲಿ ಎಲ್ಲವೂ ಇವೆ. ಆದರೆ ಅದನ್ನು ಮನೆಯೆಂದು ಕಣ್ಣು ಒಪ್ಪುವುದು ಆ ವೈಭವದಿಂದಲ್ಲ, ಒಂದೇ ಅಳತೆ ಎಲ್ಲೆಡೆ ತಪ್ಪದೆ ನಡೆದಿರುವುದರಿಂದ ಎಂಬುದು ನನ್ನ ದೃಢವಾದ ನಂಬಿಕೆ.

ನಿಮ್ಮ ಕಿಟ್ಟಿನಲ್ಲಿ ಅಳತೆ ತಪ್ಪಿದ್ದು ಮೆಟ್ಟಿಲಿನಲ್ಲಿ. ಒಂದು ನೆಲದಿಂದ ಮೇಲಿನ ನೆಲಕ್ಕೆ 254 ಮಿ.ಮೀ. ಎತ್ತರವಿದ್ದು, ಅದನ್ನು ಬರೀ 11 ಮೆಟ್ಟಿಲುಗಳಲ್ಲಿ ಹತ್ತಿಸಿದ್ದಾರೆ. ಒಂದೊಂದು ಮೆಟ್ಟಿಲು 23 ಮಿ.ಮೀ. ಎಂದರೆ ನಿಜವಾದ ಮನೆಯಲ್ಲಿ ಸುಮಾರು 11 ಇಂಚು. ಅಂಥ ಮೆಟ್ಟಿಲನ್ನು ವಯಸ್ಸಾದವರು ಹತ್ತಲಾರರು. ರಟ್ಟಿನಲ್ಲಿ ಐದೂವರೆ ಇಂಚಿನ ಒಬ್ಬ ಮನುಷ್ಯನನ್ನು ಕತ್ತರಿಸಿ ಅಲ್ಲಿ ನಿಲ್ಲಿಸಿ ನೋಡಿದೆ: ಮೆಟ್ಟಿಲು ಅವನ ಮೀನಖಂಡದ ಮಟ್ಟಕ್ಕೆ ಬರುತ್ತದೆ, ಮೇಲೆ ತಲುಪುವ ಮೊದಲೇ ತಲೆ ಮಹಡಿಯ ಅಂಚಿಗೆ ತಗಲುತ್ತದೆ. ಇಂಥ ಕೆಲಸ ಕೈಗೆತ್ತಿಕೊಳ್ಳುವ ಯಾರಿಗಾದರೂ ಈ ರಟ್ಟಿನ ಮನುಷ್ಯನನ್ನೇ ಮೊದಲು ಮಾಡಿಕೊಳ್ಳಲು ಹೇಳುತ್ತೇನೆ. ಬಾಗಿಲು, ಕಿಟಕಿ, ಒಲೆಕಟ್ಟೆ ಎಲ್ಲದರ ತಪ್ಪನ್ನೂ ಅವನು ತೋರಿಸಿಕೊಡುತ್ತಾನೆ.

15 ಮಿ.ಮೀ. ಎತ್ತರದ 17 ಮೆಟ್ಟಿಲು ಹಾಕಿದರೆ ಹತ್ತುವುದು ಸಲೀಸು. ಆದರೆ ಕಾಲಿಡುವ ಅಗಲ 21 ಮಿ.ಮೀ. ಇರಬೇಕಾದ್ದರಿಂದ, ನೇರವಾಗಿ ಕಟ್ಟಲು (ಕೊನೆಯ ಮೆಟ್ಟಿಲು ಮಹಡಿಯ ನೆಲವೇ ಆಗುವುದರಿಂದ 16 ಅಗಲಗಳಿಗೆ) 336 ಮಿ.ಮೀ. ಜಾಗ ಬೇಕು, ಮನೆಯ ಆಳವೋ 305 ಮಾತ್ರ. ಆದ್ದರಿಂದ ಹಿಂಗೋಡೆಯ ಬಳಿ ಕಾಲೂರಿ ತಿರುಗಲು ಸಮತಟ್ಟಾದ ಒಂದು ಚೌಕ ಬಿಟ್ಟು ಮೆಟ್ಟಿಲನ್ನು ಅಲ್ಲಿ ತಿರುಗಿಸಿದ್ದೇನೆ, ಮಹಡಿಯ ಹಲಗೆಯಲ್ಲಿದ್ದ ಕಿಂಡಿಯನ್ನೂ ಅದಕ್ಕೆ ತಕ್ಕಂತೆ ದೊಡ್ಡದು ಮಾಡಿದ್ದೇನೆ. ಇದರಿಂದ ಮೇಲಿನ ಮಲಗುವ ಕೋಣೆ ಕಿರಿದಾಯಿತು ನಿಜ. ಹತ್ತಿ ಹೋಗಲಾಗದ ದೊಡ್ಡ ಕೋಣೆಗಿಂತ ಅದೇ ಮೇಲು.

ಬಾಗಿದ್ದ ಎಡಗೋಡೆಯ ಬಗ್ಗೆಯೂ ಒಂದು ಮಾತು. 3 ಮಿ.ಮೀ. ಪ್ಲೈವುಡ್ ಒಂದೇ ಕಡೆಯಿಂದ ತೇವ ಹೀರಿದರೆ ಬಾಗುತ್ತದೆ. ತಗ್ಗಾದ ಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸಮನಾದ ನೆಲದ ಮೇಲಿಟ್ಟು, ಭಾರ ಹೇರಿ ನಿಧಾನವಾಗಿ ಒಣಗಲು ಬಿಟ್ಟೆ, ಬಹುಮಟ್ಟಿಗೆ ನೆಟ್ಟಗಾಯಿತು. ಮತ್ತೆ ಬಾಗದಿರಲೆಂದು ಎರಡೂ ಬದಿಗೆ ಸಮನಾಗಿ ಅರಗಿನ ಪಾಲಿಶ್ ಹಚ್ಚಿದ್ದೇನೆ. ಚಿಂದಿಯೆದ್ದಿದ್ದ ಅಂಚುಗಳಿಗೆ ಮರದ ಪುಡಿಯನ್ನು ಫೆವಿಕಾಲಿನಲ್ಲಿ ಕಲಸಿ ತುಂಬಿ, ಉಪ್ಪುಕಾಗದದಿಂದ ಉಜ್ಜಿದ್ದಾಯಿತು.

ಇದನ್ನು ತೊಟ್ಟಿಮನೆ ಮಾಡಬಹುದಲ್ಲವೇ ಎಂದು ನೀನು ಕೇಳಿದ್ದೆ. ನನಗೂ ಆ ಆಸೆ ಇತ್ತು. ಆದರೆ ಒಂದು ಕೋಣೆಯಷ್ಟೇ ಆಳವಿರುವ ಈ ಮನೆಯ ನಡುವೆ ತೊಟ್ಟಿ ತೆರೆದರೆ ಸುತ್ತ ಬದುಕಲು ಜಾಗವೇ ಉಳಿಯುವುದಿಲ್ಲ. ಅದರ ಇಂಗ್ಲಿಷ್ ಗೋಡೆ, ಅಗ್ಗಿಷ್ಟಿಕೆಗಳನ್ನು ಹಾಗೆಯೇ ಗೌರವದಿಂದ ಉಳಿಸಿಕೊಂಡು, ಮುಂದೆ ಒಂದೂವರೆ ಇಂಚು ಎತ್ತರದ ಜಗುಲಿಯನ್ನೂ ಒಳಗೆ ನಮ್ಮ ಕಡೆಯ ಹಳೆಯ ಮನೆಗಳಂತೆ ಕೆಂಪು ನೆಲವನ್ನೂ ಕೊಡುತ್ತಿದ್ದೇನೆ.

ಈಗ ನಿನ್ನಿಂದ ಒಂದು ಸಹಾಯ ಬೇಕು. ಮುಂಬದಿಯ ಎರಡು ಕಿಟಕಿಗಳ ಚೌಕಟ್ಟು ಪೆಟ್ಟಿಗೆಯಲ್ಲಿಲ್ಲ. ಅಟ್ಟದಲ್ಲಿ ಒಮ್ಮೆ ಹುಡುಕಿಸು. ಮುರಿದಿದ್ದರೂ ಚಿಂತೆಯಿಲ್ಲ, ತುಂಡುಗಳನ್ನೇ ಕಳಿಸು. ಸಿಗದಿದ್ದರೆ ಬೇಗ ತಿಳಿಸು, ಇಲ್ಲಿಯೇ ಮರದ ಪಟ್ಟಿಯಲ್ಲಿ ಹೊಸದಾಗಿ ಮಾಡುತ್ತೇನೆ. ಅಕ್ಕನಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತಿ ನಿನ್ನ ಗೆಳೆಯ,
ತುಮಕೂರು