ಕ್ವಾಲಿಟಿ ಇಂಜಿನಿಯರ್ ಪರೀಕ್ಷೆಗೆ ನನ್ನನ್ನು ಸಿದ್ಧಪಡಿಸಿದವರಿಗೆ

ಅಮೆರಿಕನ್ ಸೊಸೈಟಿ ಫಾರ್ ಕ್ವಾಲಿಟಿ ನಡೆಸುವ ಸರ್ಟಿಫೈಡ್ ಕ್ವಾಲಿಟಿ ಇಂಜಿನಿಯರ್ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾಗಿದ್ದೇನೆ. ಈ ಸಂತೋಷದಲ್ಲಿ ಕೆಲವರಿಗೆ ಬಹಿರಂಗವಾಗಿಯೇ ಕೃತಜ್ಞತೆ ಸಲ್ಲಿಸಬೇಕಾಗಿದೆ.

ಮೊದಲ ವಂದನೆ ಪೀಣ್ಯದ ನಮ್ಮ ಮಷಿನ್ ಶಾಪಿನ ಹಿರಿಯ ಇನ್‌ಸ್ಪೆಕ್ಟರರಿಗೆ. ಅಳತೆಯ ವ್ಯವಸ್ಥೆಯನ್ನೇ ಪರಿಶೀಲಿಸುವ ಗೇಜ್ ಆರ್ ಅಂಡ್ ಆರ್ ಅಧ್ಯಾಯವನ್ನು ನಾನು ಓದುತ್ತಿದ್ದಾಗ, ಅವರು ಹತ್ತು ಬುಷ್‌ಗಳನ್ನು (ಕೊಳವೆಯಾಕಾರದ ಯಂತ್ರಭಾಗಗಳನ್ನು) ಆರಿಸಿ, ಗುರುತಿನ ಸಂಖ್ಯೆ ಕಾಣದಂತೆ ಮಾಡಿ, ಮೂವರು ಆಪರೇಟರ್‌ಗಳಿಂದ ತಲಾ ಮೂರು ಸಲ, ಪ್ರತಿ ಸಲವೂ ಕ್ರಮ ಬದಲಿಸಿ, ಹೊರವ್ಯಾಸ ಅಳೆಸಿದರು. ಮೈಕ್ರೋಮೀಟರಿನ ತುದಿಯಲ್ಲಿ ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರಾಚೆಟ್ ತಿರುಗಿಸಿ ಅಳೆದವರಿಗೂ ಅದರ ತಿರುಗುವ ಹಿಡಿಯಾದ ಥಿಂಬಲನ್ನೇ ಹಿಡಿದು ಬಿಗಿಮಾಡಿದವರಿಗೂ ಕೆಲವು ಮೈಕ್ರಾನ್‌ಗಳ ಅಂತರ ಬಂದದ್ದನ್ನು ನೋಡಿದ ಮೇಲೆ, ಉಪಕರಣದಿಂದ ಬರುವ ವ್ಯತ್ಯಾಸ ಯಾವುದು, ಅಳೆಯುವವರಿಂದ ಬರುವುದು ಯಾವುದು ಎಂದು ನನಗೆ ಯಾರೂ ವಿವರಿಸಬೇಕಾಗಲಿಲ್ಲ. ಒಟ್ಟು ವ್ಯತ್ಯಾಸದಲ್ಲಿ ಅಳತೆಯ ವ್ಯವಸ್ಥೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದು, 30 ಮೀರಿದರೆ ಒಪ್ಪಲಾಗದು ಎಂಬ ಮಿತಿ ಅಂದಿನಿಂದ ನನಗೆ ಬರೀ ಅಂಕಿಯಾಗಿ ಉಳಿದಿಲ್ಲ. ಊಟದ ವಿರಾಮವನ್ನು ಬಿಟ್ಟುಕೊಟ್ಟು ಅಳತೆ ಮಾಡಿಕೊಟ್ಟ ಆ ಮೂವರೂ ನನ್ನ ಗುರುಗಳೇ.

ಭಾನುವಾರಗಳಂದು ಜೊತೆಗೆ ಕುಳಿತು ಓದಿದ ಗೆಳೆಯರಿಗೂ ನಾನು ಋಣಿ. 175 ಪ್ರಶ್ನೆಗಳಿರುವ ಈ ಪರೀಕ್ಷೆಗೆ ಪುಸ್ತಕಗಳನ್ನು ಕೊಂಡೊಯ್ಯಬಹುದು. ಆದರೆ ಪ್ರಶ್ನೆಯೊಂದಕ್ಕೆ ಸರಾಸರಿ ಎರಡು ನಿಮಿಷವೂ ಸಿಗದಿರುವುದರಿಂದ, ಯಾವ ಕೋಷ್ಟಕ ಎಲ್ಲಿದೆ ಎಂಬುದು ಕೈಗೇ ತಿಳಿದಿರಬೇಕು. ಪುಟಗಳಿಗೆ ಬಣ್ಣದ ಚೀಟಿ ಅಂಟಿಸಿಕೊಟ್ಟವರು ಅವರೇ. ಐದೈದು ತುಣುಕುಗಳ ಗುಂಪುಗಳ ಸರಾಸರಿ ರೇಂಜನ್ನು (ಗುಂಪಿನ ಗರಿಷ್ಠ, ಕನಿಷ್ಠ ಅಳತೆಗಳ ಅಂತರವನ್ನು) 2.326ರಿಂದ ಭಾಗಿಸಿ, ಅಳತೆಗಳ ಹರವನ್ನು ಹೇಳುವ ಸಿಗ್ಮಾ ಪಡೆದು, ಕೂಡಲೇ ಪ್ರಕ್ರಿಯೆ ನಿಗದಿತ ಮಿತಿಗಳೊಳಗೆ ನಿಲ್ಲಬಲ್ಲದೇ ಎಂದು ಹೇಳುವ ಸಿಪಿಕೆ ಸೂಚ್ಯಂಕದ ಲೆಕ್ಕಕ್ಕೆ ಇಳಿಯುವವರನ್ನು ತಡೆದು, "ಮೊದಲು ಚಾರ್ಟ್ ನೋಡಿ, ಪ್ರಕ್ರಿಯೆ ಸ್ಥಿರವಾಗಿದೆಯೇ ಹೇಳಿ" ಎಂದು ಪ್ರತಿ ಸಲವೂ ಕೇಳುತ್ತಿದ್ದ ಗೆಳತಿಯನ್ನು ಇಲ್ಲಿ ವಿಶೇಷವಾಗಿ ನೆನೆಯುತ್ತೇನೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ, ಅಳತೆಗಳನ್ನು ಕಾಲಕ್ರಮದಲ್ಲಿ ಮಿತಿರೇಖೆಗಳ ನಡುವೆ ಗುರುತಿಸುವ ಕಂಟ್ರೋಲ್ ಚಾರ್ಟಿನ ತಿರುಳೇ ಆ ಪ್ರಶ್ನೆ ಎಂದು ನನ್ನ ದೃಢವಾದ ಅಭಿಪ್ರಾಯ.

ಮನೆಯಲ್ಲಿ ಅತ್ತೆಯವರು ಮತ್ತು ನನ್ನ ಪತಿ ಮಗಳ ಶಾಲೆ, ಅಡುಗೆ ಎಲ್ಲವನ್ನೂ ವಹಿಸಿಕೊಂಡು ನನಗೆ ಸಂಜೆಗಳನ್ನು ಉಳಿಸಿಕೊಟ್ಟರು. ಅವರಿಗೆ ಎಷ್ಟು ಹೇಳಿದರೂ ಕಡಿಮೆಯೇ.

ನನ್ನ ಟಿಪ್ಪಣಿಗಳನ್ನೂ, ಆ ಬುಷ್‌ಗಳ 90 ಅಳತೆಗಳ ಹಾಳೆಯನ್ನೂ ತೆಗೆದಿರಿಸಿದ್ದೇನೆ. ಮುಂದಿನ ಸಲ ಪರೀಕ್ಷೆಗೆ ಕೂರಲಿರುವ ನಮ್ಮ ವಿಭಾಗದ ಇಬ್ಬರು ಕಿರಿಯರು ಇದೇ ಭಾನುವಾರದಿಂದ ನಮ್ಮೊಂದಿಗೆ ಓದಲು ಬರುತ್ತಿದ್ದಾರೆ.