ಹುಡುಗ ಹಾಕ್ತಾನೆ ಅಂತ ಬರೆದೆಯಲ್ಲ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಬಂತು. ಸಾಲದ ಕಂತು, ನಿಮ್ಮಪ್ಪನ ಕೋಪ, ಅದೆಲ್ಲ ನೀನು ಊರಿಗೆ ಬಂದಾಗ ಮಾತಾಡೋಣ. ಎರಡನೇ ಪುಟದಲ್ಲಿ ಒಂದು ಸಾಲು ಬರೆದಿದ್ದೀಯ. 'ಲಾರಿ ರೇಡಿಯೇಟರಲ್ಲಿ ದಿನಾ ಒಂದು ಲೀಟರ್ ನೀರು ಕಮ್ಮಿ ಆಗುತ್ತೆ ಮಾವ, ಎಲ್ಲಿ ಹೋಗುತ್ತೋ ಗೊತ್ತಿಲ್ಲ. ಘಾಟಿ ಹತ್ತುವಾಗ ನಿಲ್ಲಿಸ್ತೀವಿ, ಹುಡುಗ ಹಾಕ್ತಾನೆ.' ಅದನ್ನು ಓದಿದ ಮೇಲೆ ನನಗೆ ಅವತ್ತು ಊಟ ಸೇರಲಿಲ್ಲ.

ಗಾಡಿ ಹಳೆಯದು, ಟಾಟಾ 1613 ಲಾರಿ, ಕಮ್ಮಿನ್ಸ್ ಎಂಜಿನ್. ಗಟ್ಟಿ ಎಂಜಿನ್ ಅದು, ಸರಿಯಾಗಿ ನೋಡಿಕೊಂಡರೆ ಓಡುತ್ತದೆ. ನನಗೆ ಗಾಡಿಯ ಚಿಂತೆ ಆಮೇಲೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತಿರುಗಿಸುವುದು ಆ ಕ್ಲೀನರ್ ಹುಡುಗನೇನಾ? ಎಷ್ಟು ಹೊತ್ತು ನಿಲ್ಲಿಸಿ ತೆಗೆಸುತ್ತೀಯ? ಅದನ್ನು ನೀನು ಬರೆದಿಲ್ಲ.

ಶಿರಾಡಿ ಘಾಟಿಯ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಮತ್ತೆ ಹೇಳುವುದಿಲ್ಲ. ನನ್ನ ಲಾರಿಯ ಕ್ಲೀನರ್ ಹುಡುಗ ಅವಸರ ಮಾಡಿದ, ಸುಟ್ಟುಕೊಂಡ ಅಂತ ನಾನೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅವಸರ ನನ್ನದು, ಪುಟ್ಟ. ನಿಮ್ಮಮ್ಮನಿಗೂ ಇದನ್ನು ಹೇಳಿಲ್ಲ.

1988ರ ಏಪ್ರಿಲ್. ಟಾಟಾ 1210, ಮಂಗಳೂರಿನಿಂದ ಹೆಂಚಿನ ಲೋಡು. ಘಾಟಿಯ ಬುಡದ ಗುಂಡ್ಯದಲ್ಲಿ ಚಹಾ ಕುಡಿಯಲು ನಿಲ್ಲಿಸುವಾಗಲೇ ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲಿತ್ತು. ಮುಂದೆ ಹತ್ತುವಾಗ ಕೆಂಪಿಗೆ ಹೋಯಿತು, ಆಮೇಲೆ ತಾನಾಗೇ ಇಳಿಯಿತು. ಸರಿಹೋಯ್ತು ಅಂದುಕೊಂಡೆ. ಎಂಥ ದಡ್ಡ ನೋಡು. ಮೀಟರಿನ ಬಲ್ಬು ನೀರಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಅದಕ್ಕಿಂತ ಕೆಳಗೆ ಇಳಿದಿತ್ತು. ನಿನಗೂ ಹೀಗೆ ಏರಿದ ಮುಳ್ಳು ಸುಮ್ನೆ ಇಳಿದರೆ ಖುಷಿಪಡಬೇಡ. ಪಕ್ಕಕ್ಕೆ ಹಾಕು.

ಬಾನೆಟ್ಟಿನಿಂದ ಹಬೆ ಬಂದ ಮೇಲೆ ನಿಲ್ಲಿಸಿದೆ. ಹಿಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. 'ಬೇಗ ತೆಗಿಯೋ, ನೀರು ಹಾಕು' ಅಂದೆ. ಹದಿನಾರು ವರ್ಷ ಅವನಿಗೆ. ಅಂಗಿಯ ತುದಿಯಲ್ಲಿ ಹಿಡಿದು ತಿರುಗಿಸಿದ.

ಆ ಮುಚ್ಚಳದಲ್ಲಿ ಒಂದು ಸ್ಪ್ರಿಂಗ್ ಇದೆಯಲ್ಲ, ಒಳಗಿನ ಒತ್ತಡ ಹಿಡಿದಿಡುವುದು ಅದೇ. ಅದರ ದೆಸೆಯಿಂದ ನೀರು 110 ಡಿಗ್ರಿ ಮುಟ್ಟಿದರೂ ಕುದಿಯದೆ ತೆಪ್ಪಗಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಎಲ್ಲ ಒಟ್ಟಿಗೆ ಕುದಿದು ಮೇಲೆ ಹಾರುತ್ತದೆ. ಕುಕ್ಕರ್ ತಣ್ಣಗಾಗುವ ಮೊದಲು ನಿಮ್ಮಮ್ಮ ನಿನ್ನನ್ನು ಮುಚ್ಚಳ ಮುಟ್ಟಲು ಬಿಡುತ್ತಿದ್ದಳಾ?

ಕತ್ತು, ಎದೆ, ಬಲಗೈ. ಯಾರೋ ಶಾಯಿ ಹಚ್ಚಿ ಅಂದರು, ಹಚ್ಚಿದೆವು. ಕೆಂಪುಹೊಳೆ ಕೆಳಗೇ ಹರಿಯುತ್ತಿತ್ತು. ಇಪ್ಪತ್ತು ನಿಮಿಷ ಆ ತಣ್ಣನೆ ನೀರು ಸುರಿಯಬೇಕಿತ್ತು, ಮಾಡಬೇಕಿದ್ದದ್ದು ಅಷ್ಟೇ. ಎಂಜಿನ್ನಿಗೆ ಹಾಕಲು ಅದೇ ಹೊಳೆಯಿಂದ ನಾಲ್ಕು ಕೊಡ ತಂದೆ. ಅವನ ಮೈಗೆ ಒಂದು ಚೊಂಬು ಹಾಕಲು ನನಗೆ ಹೊಳೆಯಲಿಲ್ಲ. ಆಮೇಲೆ ಅವರ ಮನೆಗೆ ಎರಡು ಸಲ ಹೋದೆ. ಎರಡನೇ ಸಲ ಅವರಮ್ಮ ಕಾಫಿ ಕೊಟ್ಟರು. ಕುಡಿಯಲು ಆಗಲಿಲ್ಲ, ಮೂರನೇ ಸಲ ಹೋಗಲಿಲ್ಲ.

ನೀರು ಎಲ್ಲಿ ಹೋಗುತ್ತದೆ ಅಂತ ಕೇಳಿದ್ದೀಯ. ನಾನು ಮೆಕ್ಯಾನಿಕ್ ಅಲ್ಲ, ಗಾಡಿ ಬಿಟ್ಟು ಎಷ್ಟೋ ವರ್ಷ ಆಯಿತು, ತಪ್ಪಿದ್ದರೆ ನಿಮ್ಮ ಮೇಸ್ತ್ರಿಯನ್ನು ಕೇಳು. ಮೊದಲು ಆ ಮುಚ್ಚಳದ್ದೇ ರಬ್ಬರ್ ನೋಡು. ಅದು ಸವೆದಿದ್ದರೆ ಒತ್ತಡ ನಿಲ್ಲುವುದಿಲ್ಲ, ನೀರು ಹಬೆಯಾಗಿ ಹೋಗುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತಿದೆ, ಅಲ್ಲಿ ಒದ್ದೆಯಾಗಿದ್ದರೆ ಪಂಪಿನ ಸೀಲ್ ಹೋಗಿದೆ ಅಂತ. ಇವೆರಡೂ ಸಣ್ಣ ಖರ್ಚು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ, ತಣ್ಣಗಿರುವಾಗ ಮಾತ್ರ, ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ಒಳಗೆ ನೋಡು. ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗಕ್ಕೂ ಬ್ಲಾಕಿಗೂ ನಡುವಿನ ತೆಳು ಹಾಳೆ, ಅದರ ಮೇಲೆ ಅನುಮಾನ. ಆಯಿಲ್ ಕಡ್ಡಿ ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿ ಹಾಗೆ ಕಂಡರೆ ಗಾಡಿ ಓಡಿಸಲೇಬೇಡ, ಲೋಡು ಬೇರೆಯವರಿಗೆ ಕೊಡು. ಬಾಡಿಗೆ ಹೋದರೆ ಹೋಗಲಿ.

ಬೋರ್‌ವೆಲ್ ನೀರು ಹಾಕುತ್ತೀರಾ? ನಮ್ಮ ಕಡೆ ಆ ನೀರಿನ ಪಾತ್ರೆಯಲ್ಲಿ ಬಿಳಿ ಕಟ್ಟುವುದನ್ನು ನೋಡಿದ್ದೀಯ. ರೇಡಿಯೇಟರ್ ಕೊಳವೆಯಲ್ಲೂ ಅದೇ ಕಟ್ಟುತ್ತದೆ. ನೀರಿಗೆ ಬೆರೆಸುವ ಕೂಲಂಟ್ ದುಬಾರಿ ಅನ್ನಿಸಬಹುದು. ನಾನು ಒಂದು ದಿನವೂ ಹಾಕಿದವನಲ್ಲ, ಹೇಳಲು ನಾಚಿಕೆ. ಆದರೂ ಹಾಕು. ಇನ್ನೊಂದು, ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟನ್ನು ಮೇಸ್ತ್ರಿ ಕಿತ್ತು ಬಿಸಾಡಿದ ಅಂತ ಬರೆದಿದ್ದೀಯಲ್ಲ, ನಮ್ಮ ಕಾಲದಲ್ಲೂ ಹಾಗೇ ಮಾಡುತ್ತಿದ್ದರು. ನೀನು ವಾಪಸ್ ಹಾಕಿಸು. ಬಯಲಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಓಡಿದರೆ ಅದೂ ಸವೆಯುತ್ತದೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತದೆ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಬಿಸಿಯಾದರೆ ಲೋಡು ತಡವಾಗುತ್ತದೆ ಅಂತ ಒಪ್ಪಿಕೋ. ಎರಡು ಮೂರು ನಿಮಿಷ ಎಂಜಿನ್ ಹಾಗೇ ಓಡಲಿ, ಆಮೇಲೆ ನಿಲ್ಲಿಸು. ಹಬೆ ಕಾರುತ್ತಿದ್ದರೆ ಮಾತ್ರ ಕೂಡಲೇ ಆಫ್ ಮಾಡು. ಮೇಲಿನ ಹೋಸ್ ಪೈಪ್ ಕೈಯಲ್ಲಿ ಹಿಚುಕಿದರೆ ಮೆತ್ತಗೆ ಒಳಗೆ ಹೋಗಬೇಕು, ಕಲ್ಲಿನ ಹಾಗಿದ್ದರೆ ಇನ್ನೂ ಒತ್ತಡ ಇದೆ. ಅರ್ಧ ಗಂಟೆ ಆಗಲಿ, ಒಂದು ಗಂಟೆ ಆಗಲಿ. ಆಮೇಲೂ ದಪ್ಪ ಗೋಣಿಚೀಲ ಮುಚ್ಚಿ, ಮುಖ ಆಚೆ ತಿರುಗಿಸಿ, ಒಂದು ಹಲ್ಲಷ್ಟೇ ಸಡಿಲಿಸಿ ಕಾಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಒಮ್ಮೆಗೇ ಸುರಿದರೆ ಹೆಡ್ ಬಿರಿಯುತ್ತದೆ, ಎಂಜಿನ್ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ಹಾಕು. ಇದೆಲ್ಲ ನೀನೇ ಮಾಡು. ಹುಡುಗ ಟೈರಿಗೆ ಕಲ್ಲು ಕೊಡಲಿ ಸಾಕು.

ಜಾಸ್ತಿ ಬರೆದುಬಿಟ್ಟೆ. ನಿನಗೆ ಗೊತ್ತಿರುವುದನ್ನೇ ಹೇಳಿರಬಹುದು, ಬೇಜಾರು ಮಾಡಿಕೊಳ್ಳಬೇಡ.

ನಿನ್ನೆ ಹಾಸನಕ್ಕೆ ಹೋಗಿ ನಿನ್ನ ಗಾಡಿಯದು ಅಂತ ಹೇಳಿ ಒಂದು ಹೊಸ ಮುಚ್ಚಳ ತಂದಿದ್ದೇನೆ. ಬಸ್ಸಿನಲ್ಲಿ ಕಳಿಸಲೋ, ನೀನೇ ಬರುತ್ತೀಯೋ ತಿಳಿಸು. ಆ ಹುಡುಗನ ವಯಸ್ಸೆಷ್ಟು, ಅದನ್ನೂ ಬರಿ.

ನಿನ್ನ ಮಾವ